ಕೊಲೋನಿನ ಮುಗಿಯದ ಗೋಪುರ

ಮುಗಿದ ಕಟ್ಟಡಗಳಿಂದ ಹೆಸರಾದ ಊರುಗಳು ಬೇಕಾದಷ್ಟಿವೆ. ಮುಗಿಯದ ಕಟ್ಟಡವೊಂದನ್ನೇ ನಾಲ್ಕು ಶತಮಾನಗಳ ಕಾಲ ತನ್ನ ಗುರುತಾಗಿ ಧರಿಸಿ ನಿಂತ ಊರು ಅಪರೂಪ. ಜರ್ಮನಿಯಲ್ಲಿ, ರೈನ್ ನದಿಯ ದಂಡೆಯ ಮೇಲಿರುವ ಕೊಲೋನ್ ಅಂಥ ಊರು. ಹಾನ್ಸ್ ಮೆಮ್ಲಿಂಗ್ ಎಂಬ ಚಿತ್ರಕಾರನು ೧೪೮೯ರಲ್ಲಿ ಬ್ರೂಜ್ ನಗರದ ಆಸ್ಪತ್ರೆಯೊಂದಕ್ಕಾಗಿ ಸಂತ ಉರ್ಸುಲಾಳ ಕಥೆಯನ್ನು ಮರದ ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ಬರೆದ. ಆ ಕಥೆ ನಡೆಯುವುದು ಕೊಲೋನಿನಲ್ಲಿ. ಹಿನ್ನೆಲೆಯಾಗಿ ಅವನು ತೋರಿಸಿದ ನಗರದ ನಡುವೆ ಒಂದು ಮೊಂಡು ಗೋಪುರವಿದೆ. ಅದರ ನೆತ್ತಿಯ ಮೇಲೆ ಕೊಕ್ಕರೆಯ ಕತ್ತಿನ ಹಾಗೆ ಚಾಚಿಕೊಂಡ, ಕಲ್ಲೆತ್ತುವ ಮರದ ಯಂತ್ರವಿದೆ. ಈ ಯಂತ್ರವನ್ನು ಜರ್ಮನರೂ ಇಂಗ್ಲಿಷರೂ ಕೊಕ್ಕರೆಯಂಥದೇ ಒಂದು ಹಕ್ಕಿಯ ಹೆಸರಿನಿಂದ ಕರೆಯುತ್ತಾರೆ. ನಾವು ಕ್ರೇನು ಎನ್ನುವುದೂ ಅದನ್ನೇ. ೧೫೩೧ರಲ್ಲಿ ಆಂಟನ್ ವೂನ್‌ಸಾಮ್ ಎಂಬಾತನು ಮರದ ಅಚ್ಚಿನಲ್ಲಿ ಕೊರೆದ ನಗರದೃಶ್ಯದಲ್ಲಿಯೂ ಅದೇ ಗೋಪುರ, ಅದೇ ಕ್ರೇನು. ಹತ್ತೊಂಬತ್ತನೆಯ ಶತಮಾನದ ಮೊದಲ ಛಾಯಾಚಿತ್ರಗಳಲ್ಲಿಯೂ ಅದು ಹಾಗೆಯೇ ಇದೆ. ಅದನ್ನು ಕೆಳಗಿಳಿಸಿದ್ದು ೧೮೬೮ರಲ್ಲಿ.

ಕೊಲೋನಿನ ಕೆಥೆಡ್ರಲ್ ನೋಡಲು ಹೋದಾಗ ಈ ಸಂಗತಿ ನನ್ನ ಮನಸ್ಸಿನಲ್ಲಿತ್ತು. ರೈಲಿನಿಂದ ಇಳಿದು ನಿಲ್ದಾಣದ ಬಾಗಿಲು ದಾಟಿದರೆ ಸಾಕು, ಎದುರಿಗೆ ಕೆಥೆಡ್ರಲ್ ನಿಂತಿದೆ. ಎದುರಿಗೆ ಎಂದರೆ ದೂರದಲ್ಲಿ ಅಲ್ಲ, ಕಣ್ಣಿಗೆ ಬಡಿಯುವಷ್ಟು ಹತ್ತಿರದಲ್ಲಿ. ಕತ್ತನ್ನು ಎಷ್ಟು ಹಿಂದಕ್ಕೆ ಬಾಗಿಸಿದರೂ ಜೋಡಿ ಗೋಪುರಗಳ ತುದಿ ಒಟ್ಟಿಗೆ ನೋಟಕ್ಕೆ ಸಿಕ್ಕುವುದಿಲ್ಲ. ಅವುಗಳ ಎತ್ತರ ೧೫೭ ಮೀಟರು. ಕಲ್ಲಿನ ಬಣ್ಣ ಕಪ್ಪು. ಕಾಡ್ಗಿಚ್ಚು ಹಾದುಹೋದ ಬೆಟ್ಟದ ಕಪ್ಪು. ರೈಲುಬಂಡಿಗಳ ಹೊಗೆ, ಕಾರ್ಖಾನೆಗಳ ಮಸಿ, ಮಳೆಯಲ್ಲಿ ಬೆರೆತ ಆಮ್ಲ ಎಲ್ಲವೂ ಸೇರಿ ಕೊಟ್ಟ ಬಣ್ಣ ಅದು. ಅಲ್ಲಲ್ಲಿ ಹೊಸ ಕಲ್ಲಿನ ಬಿಳಿಯ ತೇಪೆಗಳು. ನಾನು ಮೊದಲು ಕಂಡದ್ದು ಸೌಂದರ್ಯವನ್ನಲ್ಲ, ವಯಸ್ಸನ್ನು ಎಂದೇ ಹೇಳಬೇಕು. ಆದರೆ ಯಾವ ವಯಸ್ಸು? ಈ ಮುಖಭಾಗದ ಬಹುಪಾಲು ಏಳು ನೂರು ವರ್ಷ ಹಳೆಯದೆಂದು ನೋಡುವ ಕಣ್ಣು ನಂಬುತ್ತದೆ. ಅದು ಒಂದೂವರೆ ಶತಮಾನದಷ್ಟು ಹಳೆಯದು ಎಂದು ಚರಿತ್ರೆ ಹೇಳುತ್ತದೆ. ಈ ಎರಡು ಮಾತುಗಳ ನಡುವಿನ ಅಂತರದಲ್ಲಿ ಒಂದು ದೊಡ್ಡ ಕಥೆಯೇ ಇದೆ.

ಬಿಷಪ್ಪರ ಪೀಠವಿರುವ ಚರ್ಚಿಗೆ ಕೆಥೆಡ್ರಲ್ ಎಂದು ಹೆಸರು. ಕೊಲೋನಿನಲ್ಲಿ ಪುರಾತನ ಕಾಲದಿಂದಲೇ ಅಂಥದೊಂದು ಇತ್ತು. ೮೭೦ರಲ್ಲಿ ಪ್ರತಿಷ್ಠೆಯಾದ ಹಳೆಯ ಕಟ್ಟಡ ನಾಲ್ಕು ಶತಮಾನ ಬಾಳಿತು. ೧೧೬೪ರಲ್ಲಿ ಆರ್ಚ್‌ಬಿಷಪ್ ರೈನಾಲ್ಡ್ ಫಾನ್ ಡಾಸೆಲ್ ಇಟಲಿಯ ಮಿಲಾನಿನಿಂದ ಕೆಲವು ಅಸ್ಥಿಗಳನ್ನು ಕೊಲೋನಿಗೆ ತಂದ. ಶಿಶು ಯೇಸುವನ್ನು ಕಾಣಲು ನಕ್ಷತ್ರದ ಜಾಡು ಹಿಡಿದು ಪೂರ್ವದೇಶದಿಂದ ಬಂದ ಮೂವರು ಜ್ಞಾನಿಗಳ ಅಸ್ಥಿಗಳು ಅವು ಎಂದು ಅಂದಿನ ಜನರ ನಂಬಿಕೆ. ಮಿಲಾನನ್ನು ಸೋಲಿಸಿದ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ ಕೊಟ್ಟ ಯುದ್ಧದ ಕಾಣಿಕೆ ಅದು. ಅವನ್ನಿಡಲು ನಿಕೋಲಾಸ್ ಎಂಬ ವರ್ದೂನಿನ ಅಕ್ಕಸಾಲಿಯೂ ಅವನ ನಂತರದವರೂ ಚಿನ್ನ, ಬೆಳ್ಳಿ, ರತ್ನಗಳ ದೊಡ್ಡ ಕರಂಡವನ್ನು ಮಾಡಿದರು. ಸುಮಾರು ೧೨೨೫ರ ಹೊತ್ತಿಗೆ ಅದು ಮುಗಿಯಿತು. ಯಾತ್ರಿಕರು ಹಿಂಡುಹಿಂಡಾಗಿ ಬಂದರು. ಕರಂಡಕ್ಕೆ ತಕ್ಕ ಮಂದಿರ ಬೇಕೆನಿಸಿತು. ಹಳೆಯ ಕಟ್ಟಡವನ್ನು ಭಾಗಭಾಗವಾಗಿ ಕೆಡವಲು ಹಾಕಿದ ಬೆಂಕಿ ಕೈಮೀರಿ ಅದೆಲ್ಲವನ್ನೂ ಸುಟ್ಟಿತು. ಅದೇ ವರ್ಷ, ೧೨೪೮ರ ಆಗಸ್ಟ್ ೧೫ರಂದು, ಆರ್ಚ್‌ಬಿಷಪ್ ಕೊನ್ರಾಡ್ ಫಾನ್ ಹೋಖ್‌ಸ್ಟಾಡೆನ್ ಹೊಸ ಕಟ್ಟಡದ ಅಸ್ತಿಭಾರವನ್ನಿಟ್ಟ.

ಮೊದಲ ಶಿಲ್ಪಿಯ ಹೆಸರು ಗೆರ್ಹಾರ್ಡ್. ಅವನ ಕಣ್ಣ ಮುಂದೆ ಇದ್ದದ್ದು ಫ್ರಾನ್ಸಿನ ಆಮಿಯೆನ್ ನಗರದಲ್ಲಿ ೧೨೨೦ರಲ್ಲಿ ಆರಂಭವಾದ ಕೆಥೆಡ್ರಲ್. ಗಾಥಿಕ್ ಎಂದು ನಾವು ಕರೆಯುವ ಕಟ್ಟಡಶೈಲಿ ಪ್ಯಾರಿಸಿನ ಸುತ್ತಿನ ಸೀಮೆಯಲ್ಲಿ ಹನ್ನೆರಡನೆಯ ಶತಮಾನದ ನಡುವೆ ಹುಟ್ಟಿದ್ದು. ಅದರ ಗುಟ್ಟು ಸರಳ. ಅರ್ಧಚಂದ್ರದ ಕಮಾನು ತನ್ನ ಮೇಲಿನ ಭಾರವನ್ನು ಹೆಚ್ಚಾಗಿ ಪಕ್ಕಕ್ಕೆ ನೂಕುತ್ತದೆ. ಚೂಪು ಕಮಾನು ಅದನ್ನು ಹೆಚ್ಚಾಗಿ ಕೆಳಕ್ಕೆ ಇಳಿಸುತ್ತದೆ. ಛಾವಣಿಯ ಭಾರವನ್ನು ಪಕ್ಕೆಲುಬಿನಂಥ ಕಲ್ಲಿನ ಏಣುಗಳು ಹೊತ್ತು ಕಂಬಗಳಿಗೆ ಒಪ್ಪಿಸುತ್ತವೆ. ಉಳಿದ ತಳ್ಳುಬಲವನ್ನು ಕಟ್ಟಡದ ಹೊರಗೆ ಗಾಳಿಯಲ್ಲಿ ಹಾರಿದಂತೆ ಕಾಣುವ ಅರೆಗಮಾನುಗಳು ಎದುರಿಸಿ ನಿಲ್ಲುತ್ತವೆ. ಹೀಗೆ ಗೋಡೆಗೆ ಹೊರುವ ಕೆಲಸವೇ ಇಲ್ಲವಾಗುತ್ತದೆ. ಕೆಲಸವಿಲ್ಲದ ಗೋಡೆಯನ್ನು ತೆಗೆದು ಅಲ್ಲಿ ಬಣ್ಣದ ಗಾಜನ್ನು ತುಂಬಿದರು. ಒಳಗೆ ನಿಂತು ನೋಡುವವನಿಗೆ ೪೩ ಮೀಟರ್ ಎತ್ತರದಲ್ಲಿ ಕಲ್ಲು ತೇಲುತ್ತಿರುವಂತೆ ತೋರುತ್ತದೆ. ಹೊರಗೆ ಬಂದರೆ ಆ ತೇಲುವಿಕೆಗಾಗಿ ಎಷ್ಟು ಕಲ್ಲುಗಳು ಬೆವರು ಸುರಿಸುತ್ತಿವೆ ಎಂಬುದು ಕಾಣುತ್ತದೆ. ಭಕ್ತಿಯ ಹಗುರತನವನ್ನು ಒಳಗಿಟ್ಟು ದುಡಿಮೆಯ ಭಾರವನ್ನು ಹೊರಗಿಟ್ಟ ಈ ಏರ್ಪಾಡು ನನಗೆ ಬಹಳ ಹಿಡಿಸಿತು.

ಪೂರ್ವದ ಗರ್ಭಭಾಗ ೧೩೨೨ರಲ್ಲಿ ಪ್ರತಿಷ್ಠೆಯಾಯಿತು. ಉಳಿದ ಭಾಗ ಮುಗಿಯುವ ತನಕ ಗಾಳಿಮಳೆ ಬಾರದಿರಲೆಂದು ಅದರ ಪಶ್ಚಿಮಕ್ಕೆ ಒಂದು ತಾತ್ಕಾಲಿಕ ಗೋಡೆಯನ್ನು ಎತ್ತಿದರು. ಆ ತಾತ್ಕಾಲಿಕ ಗೋಡೆ ಐದು ಶತಮಾನಗಳಿಗೂ ಹೆಚ್ಚು ಕಾಲ ನಿಂತಿತು! ದಕ್ಷಿಣದ ಗೋಪುರ ೬೦ ಮೀಟರನ್ನು ಮುಟ್ಟುವ ಮೊದಲೇ ನಿಂತುಹೋಯಿತು. ೧೪೪೮ ಮತ್ತು ೧೪೪೯ರಲ್ಲಿ ಅದರಲ್ಲಿ ಎರಡು ಗಂಟೆಗಳನ್ನು ತೂಗುಹಾಕಿ ಅಷ್ಟಕ್ಕೇ ತೃಪ್ತಿಪಟ್ಟರು. ಜನ ನಿಲ್ಲುವ ನಡುಮಂಟಪಕ್ಕೆ ತಗ್ಗಾದ ತಾತ್ಕಾಲಿಕ ಮಾಡು ಹೊದಿಸಿದರು. ೧೫೬೦ರ ಸುಮಾರಿಗೆ ಹಣ ಕೊಡುವವರೂ ಇಲ್ಲವಾದರು. ಕಾರಣಗಳು ಹಲವು. ಲೂಥರನ ಮತಸುಧಾರಣೆಯ ಗಾಳಿ ಬೀಸಿದ ಮೇಲೆ ಅಸ್ಥಿಪೂಜೆಯ ಮೇಲಿನ ನಂಬಿಕೆ ಸಡಿಲವಾಯಿತು, ಯಾತ್ರಿಕರು ಕಡಿಮೆಯಾದರು, ಬೊಕ್ಕಸ ಬರಿದಾಯಿತು. ಇವೆಲ್ಲಕ್ಕಿಂತ ಹೆಚ್ಚಾಗಿ ಅಭಿರುಚಿಯೇ ಬದಲಾಯಿತು. ರೋಮನ್ ಮಾದರಿಗೆ ಮರಳಿದ ಇಟಲಿಯ ವಿದ್ವಾಂಸರು ಈ ಚೂಪುಗಮಾನಿನ ಶೈಲಿಯನ್ನು ಗಾಥರೆಂಬ ಬರ್ಬರ ಜನಾಂಗದ ಹೆಸರಿನಿಂದ ಹಳಿದರು. ಗಾಥಿಕ್ ಎಂಬ ಹೆಸರು ಹುಟ್ಟಿದ್ದೇ ಬೈಗುಳಾಗಿ.

ಮುಂದಿನ ಇನ್ನೂರ ಎಂಬತ್ತು ವರ್ಷ ಕಟ್ಟಡ ಹಾಗೆಯೇ ಉಳಿಯಿತು. ಒಂದು ಕಡೆ ಗರ್ಭಭಾಗ, ಮತ್ತೊಂದು ಕಡೆ ಮೊಂಡು ಗೋಪುರ, ನಡುವೆ ಗಿಡ್ಡ ಮಾಡು. ಗೋಪುರದ ಮೇಲೆ ಕ್ರೇನು. ಅದರ ದೊಡ್ಡ ಚಕ್ರಗಳೊಳಗೆ ಆಳುಗಳು ನಡೆದು ನಡೆದು ಕಲ್ಲನ್ನೆತ್ತುತ್ತಿದ್ದ ಕಾಲ ಎಂದೋ ಮುಗಿದಿತ್ತು. ಆದರೂ ಕ್ರೇನನ್ನು ಮಾತ್ರ ಇಳಿಸಲಿಲ್ಲ. ೧೭೯೪ರಲ್ಲಿ ಕ್ರಾಂತಿಯ ಫ್ರೆಂಚ್ ಸೇನೆ ಊರನ್ನು ಹಿಡಿದಾಗ ಮಂದಿರವು ದನಕುದುರೆಗಳ ಮೇವಿನ ಉಗ್ರಾಣವಾಯಿತು, ಕೈದಿಗಳನ್ನು ಕೂಡಿಹಾಕುವ ಕೊಟ್ಟಿಗೆಯಾಯಿತು. ಪೂಜೆ ಮರಳಿ ಆರಂಭವಾದದ್ದು ೧೮೦೧ರಲ್ಲಿ.

ಈ ದುರ್ಗತಿಯ ಕಾಲದಲ್ಲಿಯೇ ಕೊಲೋನಿನ ವರ್ತಕನ ಮಗನೊಬ್ಬನಿಗೆ ಈ ಕಟ್ಟಡದ ಹುಚ್ಚು ಹಿಡಿಯಿತು. ಅವನ ಹೆಸರು ಸುಲ್ಪಿಸ್ ಬ್ವಾಸೆರೆ. ಅವನು ಇದ್ದ ಭಾಗಗಳನ್ನೆಲ್ಲ ಅಳೆದ, ಬರೆಸಿದ. ಇಲ್ಲದ ಭಾಗಗಳನ್ನು ಊಹಿಸಿದ. ಗಾಥಿಕ್ ಎಂದರೆ ಮುಖ ತಿರುಗಿಸುತ್ತಿದ್ದ ವೃದ್ಧ ಗೊಯಟೆಯನ್ನೂ ಒಲಿಸಿಕೊಂಡ. ಆಗ ನಡೆದ ಒಂದು ಘಟನೆ ಕಟ್ಟುಕತೆಯಂತೆ ತೋರಿದರೂ ನಿಜ. ೧೮೧೪ರಲ್ಲಿ ಡಾರ್ಮ್‌ಸ್ಟಾಟ್ ಎಂಬ ಊರಿನ ಛತ್ರವೊಂದರ ಅಟ್ಟದ ಮೇಲೆ ಒಬ್ಬ ಬಡಗಿಗೆ ದೊಡ್ಡ ಚರ್ಮಪಟವೊಂದು ಸಿಕ್ಕಿತು. ಅದರ ಮೇಲೆ ಅವರೆಯಂಥ ಕಾಳುಗಳನ್ನು ಒಣಹಾಕುತ್ತಿದ್ದರಂತೆ. ಪಟವನ್ನು ಗೇಯೋರ್ಗ್ ಮೋಲರ್ ಎಂಬ ವಾಸ್ತುಶಿಲ್ಪಿಗೆ ತೋರಿಸಿದಾಗ ಅವನು ಗುರುತಿಸಿದ: ಅದು ಕೊಲೋನ್ ಕೆಥೆಡ್ರಲಿನ ಪಶ್ಚಿಮ ಮುಖದ ಮೂಲ ನಕ್ಷೆಯ ಒಂದು ಭಾಗ, ಸುಮಾರು ಐದು ನೂರು ವರ್ಷ ಹಿಂದೆ ಬರೆದದ್ದು. ಇನ್ನೊಂದು ಭಾಗ ಎರಡು ವರ್ಷಗಳ ಅನಂತರ, ೧೮೧೬ರಲ್ಲಿ, ಪ್ಯಾರಿಸಿನಲ್ಲಿ ಬ್ವಾಸೆರೆಗೆ ದೊರೆಯಿತು. ಎರಡನ್ನೂ ಜೋಡಿಸಿದಾಗ ನಾಲ್ಕು ಮೀಟರಿಗಿಂತ ಎತ್ತರದ ಆ ಚಿತ್ರದಲ್ಲಿ ಎರಡು ಗೋಪುರಗಳೂ ತುದಿಯ ಕಲ್ಲಿನ ಹೂವಿನವರೆಗೆ ಸಂಪೂರ್ಣವಾಗಿ ಮೂಡಿ ನಿಂತವು. ಹುಳು ತಿಂದ ಓಲೆಗರಿಯ ಕಟ್ಟಿನಲ್ಲಿ ಕಾಣೆಯಾದ ಪುಟಗಳು ಬೇರೆ ಊರಿನ ಅಟ್ಟದಲ್ಲಿ ಸಿಕ್ಕಾಗ ಸಂಪಾದಕನಿಗೆ ಎಂಥ ರೋಮಾಂಚವಾಗುತ್ತದೆಂಬುದನ್ನು ಬಲ್ಲವರು ಆ ಕ್ಷಣವನ್ನು ಊಹಿಸಿಕೊಳ್ಳಬಹುದು. ಆ ಪಟ ಈಗ ಕೆಥೆಡ್ರಲಿನಲ್ಲಿಯೇ ಇದೆ. ಬೆಳಕು ತಾಕಿ ಮಸಿ ಮಾಸದಿರಲೆಂದು ಅದರ ಮುಂದೆ ಪರದೆಯಿದೆ.

ನಕ್ಷೆ ಸಿಕ್ಕಿತು, ಆದರೆ ಕಟ್ಟಬೇಕಾದವರು ಯಾರು? ೧೮೧೫ರಲ್ಲಿ ಕೊಲೋನ್ ಪ್ರಷ್ಯಾ ರಾಜ್ಯಕ್ಕೆ ಸೇರಿಹೋಗಿತ್ತು. ಪ್ರಷ್ಯದ ಅರಸರು ಪ್ರಾಟೆಸ್ಟಂಟರು. ಕೊಲೋನಿನ ಪ್ರಜೆಗಳು ಕ್ಯಾಥೊಲಿಕರು. ಎರಡು ಮನಸ್ಸುಗಳ ನಡುವೆ ಸೇತುವೆ ಬೇಕಾಗಿತ್ತು. ನೆಪೋಲಿಯನ್ನನನ್ನು ಸೋಲಿಸಿದ ಜರ್ಮನರಿಗೆ ತಮ್ಮ ಏಕತೆಯ ಪ್ರತೀಕವೂ ಬೇಕಾಗಿತ್ತು. ೧೮೪೨ರ ಸೆಪ್ಟೆಂಬರ್ ೪ರಂದು ದೊರೆ ನಾಲ್ಕನೆಯ ಫ್ರೀಡ್ರಿಖ್ ವಿಲ್ಹೆಲ್ಮ್ ಎರಡನೆಯ ಸಲದ ಅಸ್ತಿಭಾರವನ್ನಿಟ್ಟ. ಖರ್ಚಿನ ಅರ್ಧವನ್ನು ಸರಕಾರವೂ ಇನ್ನರ್ಧವನ್ನು ಅದೇ ವರ್ಷ ಹುಟ್ಟಿದ ನಾಗರಿಕರ ಸಂಘವೂ ಹೊರಬೇಕೆಂಬುದು ಒಪ್ಪಂದ. ಸಂಘಕ್ಕೆ ಕ್ಯಾಥೊಲಿಕರು ಮಾತ್ರವಲ್ಲ, ಪ್ರಾಟೆಸ್ಟಂಟರೂ ಹಣ ಕೊಟ್ಟರು. ಓಪನ್‌ಹೈಮ್ ಕುಟುಂಬದಂಥ ಯಹೂದ್ಯ ಲೇವಾದೇವಿಗಾರರೂ ಕೊಟ್ಟರು. ಪ್ಯಾರಿಸಿನಲ್ಲಿ ನೆಲೆಸಿದ್ದ ಕವಿ ಹೈನ್‌ರಿಖ್ ಹೈನೆ ಅಲ್ಲಿಯ ಸಹಾಯಕ ಸಂಘದ ಉಪಾಧ್ಯಕ್ಷನೂ ಆಗಿದ್ದ. ಎರಡೇ ವರ್ಷಗಳಲ್ಲಿ, ೧೮೪೪ರ ತನ್ನ ದೀರ್ಘ ವಿಡಂಬನ ಕಾವ್ಯದಲ್ಲಿ, ಈ ಕಟ್ಟಡ ಎಂದಿಗೂ ಮುಗಿಯದು ಎಂದು ಅವನೇ ಗೇಲಿಮಾಡಿದ. ಸಿಂಹಾಸನವೂ ಧರ್ಮಪೀಠವೂ ಕೈಕೈ ಹಿಡಿದು ಕಟ್ಟುವ ಗೋಪುರದ ನೆರಳು ಎತ್ತ ಬೀಳುವುದೆಂಬ ಕವಿಯ ಆತಂಕ ಆ ಗೇಲಿಯ ಹಿಂದಿತ್ತು.

ಹೈನೆಯ ಭವಿಷ್ಯ ಸುಳ್ಳಾಯಿತು, ಆತಂಕ ಸುಳ್ಳಾಗಲಿಲ್ಲ. ಮುಖ್ಯಶಿಲ್ಪಿಗಳಾದ ಟ್ಸ್ವಿರ್ನರ್ ಮತ್ತು ಅವನ ಅನಂತರ ಫೋಯ್ಗ್ಟೆಲ್ ಹಳೆಯ ನಕ್ಷೆಯನ್ನು ನಿಷ್ಠೆಯಿಂದ ಅನುಸರಿಸಿದರು. ಮಾಡಿಗೆ ಮಾತ್ರ ಮರದ ಬದಲು ಕಬ್ಬಿಣದ ಜಂತಿಗಳನ್ನು ಬಳಸಿದರು. ೧೮೬೩ರಲ್ಲಿ ಆ ‘ತಾತ್ಕಾಲಿಕ’ ಗೋಡೆ ಉರುಳಿತು. ಪೂರ್ವದಿಂದ ಪಶ್ಚಿಮದವರೆಗೆ ಮಂದಿರ ಮೊತ್ತಮೊದಲು ಒಂದಾಯಿತು. ಹಣ ಸಾಲದೆ ಬಂದಾಗ ಲಾಟರಿ ನಡೆಸಿದರು. ೧೮೮೦ರಲ್ಲಿ ಗೋಪುರಗಳು ಮುಗಿದವು. ಜಗತ್ತಿನ ಅತ್ಯಂತ ಎತ್ತರದ ಕಟ್ಟಡವೆಂಬ ಕೀರ್ತಿ ಕೊಲೋನಿಗೆ ಬಂತು. ವಾಷಿಂಗ್ಟನ್ ಸ್ಮಾರಕ ೧೮೮೪ರಲ್ಲಿ ಅದನ್ನು ಮೀರಿಸಿತು. ಅಕ್ಟೋಬರ್ ೧೫ರಂದು ಚಕ್ರವರ್ತಿ ಒಂದನೆಯ ವಿಲ್ಹೆಲ್ಮನ ಸಮ್ಮುಖದಲ್ಲಿ ಮಹೋತ್ಸವ ನಡೆಯಿತು. ಆರುನೂರ ಮೂವತ್ತೆರಡು ವರ್ಷಗಳ ಕೆಲಸ ಮುಗಿದ ದಿನ ಆ ಮಂದಿರದ ಯಜಮಾನನಾದ ಆರ್ಚ್‌ಬಿಷಪ್ ಮೆಲ್ಖರ್ಸ್ ಅಲ್ಲಿರಲಿಲ್ಲ. ಪ್ರಷ್ಯದ ಸರಕಾರಕ್ಕೂ ಕ್ಯಾಥೊಲಿಕ್ ಚರ್ಚಿಗೂ ನಡೆದ ಜಗಳದಲ್ಲಿ ಅವನು ೧೮೭೪ರಲ್ಲಿ ಸೆರೆಮನೆ ಕಂಡು, ಮರುವರ್ಷ ಹಾಲೆಂಡಿಗೆ ಹೋಗಿ ನೆಲೆಸಿದ್ದ. ಊರಿನ ಭಕ್ತರಲ್ಲಿ ಅನೇಕರು ಉತ್ಸವವನ್ನು ದೂರದಿಂದಲೇ ನೋಡಿದರು. ದೇವರ ಮನೆಯ ಗೃಹಪ್ರವೇಶಕ್ಕೆ ಪುರೋಹಿತನೇ ಇಲ್ಲ!

ಗೋಪುರದ ಗಂಟೆಯ ಕಥೆಯೂ ಅಂಥದೇ. ೧೮೭೦–೭೧ರ ಯುದ್ಧದಲ್ಲಿ ಫ್ರೆಂಚರಿಂದ ಕಿತ್ತುಕೊಂಡ ಫಿರಂಗಿಗಳನ್ನು ಕರಗಿಸಿ ಸುಮಾರು ೨೭ ಟನ್ ತೂಕದ ಗಂಟೆಯನ್ನು ಎರಕ ಹೊಯ್ದು, ಅದಕ್ಕೆ ಚಕ್ರವರ್ತಿಯ ಗಂಟೆ ಎಂದು ಹೆಸರಿಟ್ಟರು. ೧೯೧೮ರಲ್ಲಿ, ಮೊದಲ ಮಹಾಯುದ್ಧದ ಕೊನೆಯ ದಿನಗಳಲ್ಲಿ, ಲೋಹ ಸಾಲದೆ ಆ ಗಂಟೆಯನ್ನೇ ಒಡೆದು ಕರಗಿಸಿದರು. ಯುದ್ಧದಿಂದ ಬಂದದ್ದು ಯುದ್ಧಕ್ಕೇ ಹೋಯಿತು. ಈಗ ಅಲ್ಲಿರುವುದು ೧೯೨೩ರಲ್ಲಿ ಎರಕವಾದ, ಸಂತ ಪೀಟರನ ಹೆಸರಿನ, ೨೪ ಟನ್ ತೂಕದ ಗಂಟೆ. ನೆಲದಿಂದ ೫೩೩ ಮೆಟ್ಟಿಲು ಹತ್ತಿದವರಿಗೆ ಗಂಟೆಗಳೂ ಕಾಣುತ್ತವೆ, ಅವುಗಳ ಮೇಲೆ ನದಿಯೂ ನಗರವೂ ಕಾಣುತ್ತವೆ.

ಹತ್ತೊಂಬತ್ತನೆಯ ಶತಮಾನದ ಜರ್ಮನರು ಗಾಥಿಕ್ ತಮ್ಮದೇ ಶೈಲಿಯೆಂದು ಬಗೆದಿದ್ದರು. ಆದರೆ ಕೆಲಸ ನಡೆಯುತ್ತಿದ್ದಾಗಲೇ ವಿದ್ವಾಂಸರು ಅದರ ತವರು ಫ್ರಾನ್ಸ್ ಎಂದೂ, ಕೊಲೋನಿಗೆ ಆಮಿಯೆನ್ ಮಾದರಿಯೆಂದೂ ತೋರಿಸಿಕೊಟ್ಟರು. ಫ್ರೆಂಚರ ಮೇಲಿನ ವಿಜಯದ ಸಂಕೇತ ಫ್ರೆಂಚರಿಂದ ಕಲಿತ ವಿದ್ಯೆಯಾಗಿತ್ತು. ಹಾಗಾದರೆ ೧೮೮೦ರಲ್ಲಿ ಮುಗಿದದ್ದು ನಿಜವಾದ ಗಾಥಿಕ್ಕೋ, ಅದರ ನಕಲೋ? ಇದು ಪಂಡಿತರ ಹಳೆಯ ಚರ್ಚೆ. ನನಗೆ ಅನಿಸುವುದು ಇಷ್ಟು: ನಕಲುಗಾರನು ಮುಗಿದ ಕೃತಿಯ ಎದುರು ಕೂತಿರುತ್ತಾನೆ, ಇವರು ಮುಗಿಯದ ಕೃತಿಯ ಒಳಗೆ ನಿಂತಿದ್ದರು. ಸತ್ತವನ ಕೈಬರಹವನ್ನು ಓದಿ ಅವನ ವಾಕ್ಯವನ್ನು ಮುಗಿಸುವುದಕ್ಕೆ ವಿನಯ ಬೇಕು, ಧೈರ್ಯವೂ ಬೇಕು. ಆ ವಿನಯ ಕಲ್ಲುಕುಟಿಗರದು. ವಾಕ್ಯದ ಕೊನೆಯಲ್ಲಿ ತನ್ನ ಅಂಕಿತವನ್ನು ಹಾಕಿಕೊಂಡ ಜಂಬ ಮಾತ್ರ ಚಕ್ರವರ್ತಿಯದು.

ಈ ವಾಕ್ಯದ ಪ್ರತಿಧ್ವನಿ ನಮ್ಮ ನಾಡಿನವರೆಗೂ ಬಂದಿದೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ೧೯೩೩ರಲ್ಲಿ ಅಸ್ತಿಭಾರವನ್ನಿಟ್ಟರು. ಅದರ ಜೋಡಿ ಗೋಪುರಗಳಿಗೆ ಕೊಲೋನೇ ಸ್ಫೂರ್ತಿಯೆಂದು ಹೇಳುತ್ತಾರೆ. ನಮ್ಮಲ್ಲಿ ಅನೇಕರಿಗೆ ಗಾಥಿಕ್ ಎಂದರೆ ಕಣ್ಣಿಗೆ ಕಟ್ಟುವುದು ಆ ಗೋಪುರಗಳೇ. ಕಲ್ಲಿನಲ್ಲಿ ಆ ಜೋಡಿ ಗೋಪುರಗಳು ಸಂಪೂರ್ಣವಾಗಿ ಮೂಡಿ ಆಗ ಐವತ್ತಮೂರು ವರ್ಷಗಳಷ್ಟೇ ಆಗಿದ್ದವು. ೧೮೮೦ಕ್ಕೆ ಮೊದಲು ಕೊಲೋನಿಗೆ ಹೋದ ಪ್ರವಾಸಿ ಯಾರೂ ಅವನ್ನು ಕಂಡಿರಲಾರ. ಛತ್ರದ ಅಟ್ಟದಲ್ಲಿ ಆ ಚರ್ಮಪಟ ಕಾಳಿನೊಡನೆ ಒಣಗಿ ಹೋಗಿದ್ದರೆ ಮೈಸೂರಿನ ಆಕಾಶರೇಖೆಯೂ ಬೇರೆಯಾಗಿರುತ್ತಿತ್ತೇನೋ.

ಎರಡನೆಯ ಮಹಾಯುದ್ಧದಲ್ಲಿ ಕೊಲೋನಿನ ಹಳೆಯ ಊರು ಹೆಚ್ಚುಕಡಿಮೆ ನೆಲಸಮವಾಯಿತು. ಕೆಥೆಡ್ರಲಿನ ಮೇಲೆ ೧೪ ದೊಡ್ಡ ಬಾಂಬುಗಳು ಬಿದ್ದವು. ಕರಂಡವನ್ನೂ ಹಳೆಯ ಗಾಜುಗಳನ್ನೂ ಮೊದಲೇ ಸಾಗಿಸಿ ಬಚ್ಚಿಟ್ಟಿದ್ದರು. ನಡುಮಂಟಪದ ಛಾವಣಿ ಮುರಿಯಿತು. ಆದರೆ ಕಟ್ಟಡ ಬೀಳಲಿಲ್ಲ. ೧೯೪೩ರ ನವೆಂಬರಿನಲ್ಲಿ ಉತ್ತರ ಗೋಪುರದ ಬುಡದ ಕಂಬಕ್ಕೆ ದೊಡ್ಡ ಗಾಯವಾದಾಗ ಅದನ್ನು ಅವಸರದಲ್ಲಿ ಇಟ್ಟಿಗೆಯಿಂದ ತುಂಬಿದರು. ಯುದ್ಧ ಮುಗಿದ ಮೇಲೂ ಅರ್ಧ ಶತಮಾನ ಆ ಕೆಂಪು ತೇಪೆ ಹಾಗೆಯೇ ಕಾಣುತ್ತಿತ್ತು. ೨೦೦೫ರ ಹೊತ್ತಿಗೆ ಅದರ ಮೇಲೆ ಕಲ್ಲಿನ ಹೊದಿಕೆ ಬಂತು. ಗಾಯದ ಗುರುತನ್ನು ಉಳಿಸಬೇಕೇ, ಮುಚ್ಚಬೇಕೇ ಎಂಬುದಕ್ಕೆ ಸುಲಭವಾದ ಉತ್ತರವಿಲ್ಲ.

ಒಳಗೆ ನಾನು ಬಹಳ ಹೊತ್ತು ನಿಂತದ್ದು ಚಿನ್ನದ ಕರಂಡದ ಮುಂದಲ್ಲ. ಗೋಡೆಯಲ್ಲಿರುವ ಒಂದು ಶಾಸನದ ಮುಂದೆ. ೧೨೬೬ರಲ್ಲಿ ಆರ್ಚ್‌ಬಿಷಪ್ ಎರಡನೆಯ ಎಂಗೆಲ್ಬರ್ಟನು ಕೊಲೋನಿನ ಯಹೂದ್ಯರಿಗೆ ತಮ್ಮ ಸತ್ತವರನ್ನು ಸುಂಕವಿಲ್ಲದೆ ಮಣ್ಣುಮಾಡುವ ಹಕ್ಕನ್ನೂ ಇತರ ರಕ್ಷಣೆಗಳನ್ನೂ ಕೊಟ್ಟು, ಎಲ್ಲರಿಗೂ ಕಾಣಲೆಂದು ಕಲ್ಲಿನಲ್ಲಿ ಕೊರೆಸಿದ. ಅದೇ ಮಂದಿರದಲ್ಲಿ, ಮುಂದಿನ ಶತಮಾನದ ಆರಂಭದಲ್ಲಿ ಪಾದ್ರಿಗಳಿಗಾಗಿ ಮಾಡಿದ ಮರದ ಪೀಠಗಳಲ್ಲಿ, ಯಹೂದ್ಯರನ್ನು ಹಂದಿಯೊಡನೆ ಕೂಡಿಸಿ ಅವಮಾನಿಸುವ ಕೆತ್ತನೆಯೂ ಇದೆ. ೧೩೪೯ರಲ್ಲಿ ಊರಿನ ಯಹೂದ್ಯರ ಕೊಲೆ ನಡೆಯಿತು. ೧೪೨೪ರಲ್ಲಿ ಉಳಿದವರನ್ನು ಹೊರಗೆ ಹಾಕಿದರು. ಹೊರಗೆ ಹಾಕಿಸಿಕೊಂಡವರ ಧರ್ಮದವರೇ ನಾಲ್ಕು ಶತಮಾನಗಳ ಅನಂತರ ಈ ಗೋಪುರಕ್ಕೆ ಹಣ ಕೊಟ್ಟರು. ಇದನ್ನು ತಿಳಿದ ಮೇಲೆ ಮಧ್ಯಯುಗದ ಭಕ್ತಿಯ ಬಗ್ಗೆ ಬರಿಯ ಭಾವುಕ ಮಾತನ್ನಾಡುವುದು ನನ್ನಿಂದಾಗಲಿಲ್ಲ. ಕಲ್ಲು ಹೊಗಳಿಕೆಯನ್ನು ಹೊತ್ತಂತೆ ಪಾಪವನ್ನೂ ಹೊರುತ್ತದೆ, ಎರಡನ್ನೂ ಸಮನಾಗಿ ಕಾಪಾಡುತ್ತದೆ.

ದಕ್ಷಿಣದ ತೋಳಿನ ದೊಡ್ಡ ಕಿಟಕಿ ೨೦೦೭ರದು. ಯುದ್ಧದಲ್ಲಿ ಹಳೆಯ ಗಾಜು ಹಾಳಾದ ಮೇಲೆ ಅಲ್ಲಿ ಬಣ್ಣವಿಲ್ಲದ ಗಾಜಿತ್ತು. ಚಿತ್ರಕಾರ ಗೆರ್ಹಾರ್ಡ್ ರಿಖ್ಟರ್ ೭೨ ಬಣ್ಣಗಳ ೧೧,೨೬೩ ಗಾಜಿನ ಚೌಕಗಳನ್ನು, ಬಹುಮಟ್ಟಿಗೆ ಕಂಪ್ಯೂಟರ್ ಆರಿಸಿಕೊಟ್ಟ ಆಕಸ್ಮಿಕ ಕ್ರಮದಲ್ಲಿ, ಜೋಡಿಸಿಕೊಟ್ಟ. ಸಂತರ ಮುಖವಿಲ್ಲ, ಕಥೆಯಿಲ್ಲ, ಬಣ್ಣ ಮಾತ್ರ. ಆಗಿನ ಆರ್ಚ್‌ಬಿಷಪ್ ಮೈಸ್ನರ್, ಇದು ಮಸೀದಿಗೋ ಬೇರೆ ಪ್ರಾರ್ಥನಾಲಯಕ್ಕೋ ಒಪ್ಪೀತು ಎಂದು ಆಕ್ಷೇಪಿಸಿದರು. ಅವರ ಆಕ್ಷೇಪವೇ ಒಂದು ಬಗೆಯ ಮೆಚ್ಚುಗೆಯಾಗಿ ನನಗೆ ಕೇಳಿಸಿತು. ಬಿಸಿಲು ಏರಿದಾಗ ಆ ಬಣ್ಣಗಳು ನೆಲದ ಮೇಲೆ, ಕಂಬಗಳ ಮೇಲೆ, ನಡೆಯುವವರ ಭುಜಗಳ ಮೇಲೆ ಬೀಳುತ್ತವೆ. ಯಾರ ಧರ್ಮ ಯಾವುದೆಂದು ಅವು ಕೇಳುವುದಿಲ್ಲ. ೨೦೧೫ರ ಜನವರಿ ೫ರ ರಾತ್ರಿ, ಮುಸ್ಲಿಮರನ್ನೂ ವಲಸಿಗರನ್ನೂ ವಿರೋಧಿಸುವ ಮೆರವಣಿಗೆಯೊಂದು ಊರಿಗೆ ಬಂದಾಗ, ಕೆಥೆಡ್ರಲಿನ ಆಡಳಿತದವರು ಹೊರಗಿನ ದೀಪಗಳನ್ನೆಲ್ಲ ಆರಿಸಿಬಿಟ್ಟರು. ತಮ್ಮ ಗೋಪುರ ಆ ಮೆರವಣಿಗೆಗೆ ಹಿನ್ನೆಲೆಯಾಗಬಾರದೆಂಬುದು ಅವರ ನಿಲುವು. ಒಂದು ಕಾಲದಲ್ಲಿ ಚಕ್ರವರ್ತಿಗೆ ಹಿನ್ನೆಲೆಯಾಗಿದ್ದ ಗೋಪುರ ಅದು.

ಕೆಥೆಡ್ರಲ್ ಮುಗಿದ ದಿನ ಪ್ರಳಯವಾಗುವುದೆಂದು ಕೊಲೋನಿನವರು ತಮಾಷೆಗೆ ಹೇಳುತ್ತಾರೆ. ಆ ಭಯವೇನೂ ಬೇಕಾಗಿಲ್ಲ. ಮಧ್ಯಯುಗದವರು ರೈನ್ ದಂಡೆಯ ಡ್ರಾಖೆನ್‌ಫೆಲ್ಸ್ ಬೆಟ್ಟದ ಕಲ್ಲನ್ನು ತಂದಿದ್ದರು; ಹತ್ತೊಂಬತ್ತನೆಯ ಶತಮಾನದವರು ತಂದ ಮರಳುಗಲ್ಲು ಹೊಗೆಗೂ ಆಮ್ಲದ ಮಳೆಗೂ ಸೋತು ಪುಡಿಯಾಗುತ್ತಿದೆ; ಅದರ ಸ್ಥಾನದಲ್ಲಿ ಬೇರೆ ಕಲ್ಲುಗಳನ್ನು ಕೂಡಿಸುತ್ತಿದ್ದಾರೆ. ಮಂದಿರದ ಮಗ್ಗುಲಲ್ಲಿಯೇ ಅದರ ಕಮ್ಮಟವಿದೆ. ಅಲ್ಲಿ ಕಲ್ಲುಕುಟಿಗರು, ಗಾಜುಗಾರರು, ಬಡಗಿಗಳು, ಕಮ್ಮಾರರು ವರ್ಷವಿಡೀ ದುಡಿಯುತ್ತಾರೆ. ಒಂದು ಮೂಲೆಯ ಕೆಲಸ ಮುಗಿಯುವಷ್ಟರಲ್ಲಿ ಇನ್ನೊಂದು ಮೂಲೆ ಕೈಮಾಡಿ ಕರೆಯುತ್ತದೆ. ನಾನು ಹೋದಾಗಲೂ ಎತ್ತರದಲ್ಲೊಂದು ಕಡೆ ಅಟ್ಟಣೆ ಕಟ್ಟಿತ್ತು. ಕೆಳಗೆ ನಿಂತ ಪ್ರವಾಸಿಗಳಲ್ಲಿ ಕೆಲವರು ಚಿತ್ರ ಕೆಡುತ್ತದೆಂದು ಗೊಣಗಿದರು. ನನಗೆ ಹಾಗೆ ತೋರಲಿಲ್ಲ. ಆ ಅಟ್ಟಣೆಯಿಲ್ಲದ ಕೊಲೋನನ್ನು ಮೆಮ್ಲಿಂಗನೂ ಕಂಡಿರಲಿಲ್ಲ.